ಹಿಸ್ಸೆ ಆದರೂ ಪೂರ್ತಿ ತೋಟ

ಶಿರಸಿ ಕಡೆ ಅಡಿಕೆ ಸುಲಿಯಲು ಕೂತವರ ಬಾಯಿಗೆ ಬೀಗ ಇರುವುದಿಲ್ಲ. ಮೊನ್ನೆ ರಾತ್ರಿ ನಮ್ಮ ಮೆಟ್ಟುಗತ್ತಿಗಳ ಸಾಲಿಗೆ ಕಂಪ್ಯೂಟರ್ ಸಿಕ್ಕಿಬಿತ್ತು. ತಂದವನು ಬೆಂಗಳೂರಿಂದ ಬಂದಿದ್ದ ಮಂಜ.

"ಜೀವಕೋಶದ ಹಾಗೆ ಲೆಕ್ಕ ಮಾಡುವ ಮಾದರಿ ಒಂದಿದೆ. ರುಮೇನಿಯಾದ ಗೆಯೋರ್ಗೆ ಪೌನ್ 1998ರಲ್ಲಿ ಶುರುಮಾಡಿದ್ದು. ಪಿ ಸಿಸ್ಟಮ್ ಅಂತಾರೆ."

"ಜೀವ ಇರೋ ಕಂಪ್ಯೂಟರಾ? ಮೇವು ಎಂತ ಹಾಕ್ತಾರೆ?" ಗಪ್ಪಣ್ಣ ಕೇಳಿದ.

"ಜೀವ ಇಲ್ಲ, ಕಾಗದದ ಮೇಲಿನ ಲೆಕ್ಕ. ನಿಮ್ಮ ಮನೆ ಅಂದುಕೊ. ಹೊರಗೊಂದು ಗೋಡೆ, ಒಳಗೆ ಜಗಲಿ, ನಡುಮನೆ, ಅಡುಗೆಮನೆ. ಇಲ್ಲಿ ಗೋಡೆ ಬದಲು ಪೊರೆ. ಒಂದೊಂದು ಪೊರೆಯೊಳಗೂ ಒಂದಿಷ್ಟು ವಸ್ತು, ಅಲ್ಲಿಗಷ್ಟೇ ಸಲ್ಲುವ ನಿಯಮ. ಎರಡು 'ಅ' ಸಿಕ್ಕರೆ ಒಂದು 'ಬ' ಮಾಡಿ ಹೊರಗೆ ಕಳಿಸು, ಹೀಗೆ. ಪ್ರತಿ ಹೆಜ್ಜೆಗೂ ಎಲ್ಲ ಕಡೆ ಆಗಬಹುದಾದ ಕೆಲಸವೆಲ್ಲ ಒಟ್ಟಿಗೇ ಆಗಬೇಕು. ಯಾರೂ ಸುಮ್ನೆ ಕೂರುವ ಹಾಗಿಲ್ಲ."

"ಹಾಗಾದರೆ ನಮ್ಮ ಮನೆ ಅಲ್ಲ ಬಿಡು," ಅಂದಳು ಶಾರದತ್ತಿಗೆ, ಗಂಡನ ಮುಂದಿನ ಸಣ್ಣ ರಾಶಿ ನೋಡುತ್ತಾ.

"ಕೆಲವು ಪೊರೆ ಕರಗಿ, ಒಳಗಿದ್ದದ್ದು ಹೊರಕೋಣೆಗೆ ಸೇರುತ್ತದೆ. ಕೆಲವು ಒಡೆದು ಎರಡಾಗುತ್ತವೆ."

"ಹಿಸ್ಸೆ!" ಗಪ್ಪಣ್ಣನ ಕೈ ನಿಂತಿತು. ತಮ್ಮನ ಜೊತೆ ಅವನ ತಕರಾರು ಊರಿಗೇ ಗೊತ್ತು.

"ಹಿಸ್ಸೆಯೇ. ಆದರೆ ಅರ್ಧ ಅರ್ಧ ಅಲ್ಲ. ಎರಡು ಕಡೆಗೂ ಪೂರ್ತಿ ನಕಲು."

"ಇಬ್ಬರಿಗೂ ಪೂರ್ತಿ ತೋಟ?"

"ಪೂರ್ತಿ."

"ಬಾವಿ?"

"ಬಾವಿಯೂ."

"ಸಾಲ?"

"ಸಾಲವೂ."

ಗಪ್ಪಣ್ಣ ಮತ್ತೆ ಸುಲಿಯತೊಡಗಿದ.

"ಇದರಿಂದ ಲಾಭ ಎಂತದೋ?" ನಾನು ಕೇಳಿದೆ.

"ಮದುವೆಗೆ ಕರೆಯೋದಾ ಬೇಡವಾ ಅನ್ನುವ ಮನೆ 20 ಇವೆ ಅನ್ನು. 'ಇವರನ್ನು ಕರೆದರೆ ಅವರನ್ನು ಕರೆಯುವ ಹಾಗಿಲ್ಲ' ಅನ್ನುವ ತರದ ಷರತ್ತು ಬೇರೆ. ಆಗಬಹುದಾದ ಪಟ್ಟಿ 10,48,576. ಒಂದೊಂದಾಗಿ ನೋಡುತ್ತಾ ಕೂತರೆ ಮುಹೂರ್ತ ದಾಟುತ್ತದೆ. ಇಲ್ಲಿ ಒಂದು ಮನೆಗೆ ಒಂದು ಸಲ ಎಲ್ಲ ಪೊರೆಯೂ ಒಡೆಯುತ್ತದೆ. ಒಂದರಲ್ಲಿ 'ಕರೆ', ಇನ್ನೊಂದರಲ್ಲಿ 'ಬಿಡು'. 20 ಸಲ ಒಡೆದರೆ ಅಷ್ಟೂ ಪಟ್ಟಿ ತಯಾರು, ತಪಾಸಣೆಯೂ ಒಟ್ಟಿಗೇ."

"ಹತ್ತು ಲಕ್ಷ ಕೋಣೆಗೆ ಜಾಗ ಎಲ್ಲಿದ್ದೋ?" ಅಂದಳು ಅತ್ತಿಗೆ.

ಮಂಜ ತಲೆ ಕೆರೆದುಕೊಂಡ. ಅಸಲು ಪ್ರಶ್ನೆ ಅದೇ ಅಲ್ವಾ? ಸಮಯ ಉಳಿಸಲು ಹೋಗಿ ಜಾಗ ಕಳೆದುಕೊಂಡ ಹಾಗೆ. ಈಗಿನ ಕಂಪ್ಯೂಟರಿನಲ್ಲಿ ಮಾಡಹೋದರೆ ಅಷ್ಟೂ ಪೊರೆ ಮೆಮೊರಿಯಲ್ಲೇ ಕೂರಬೇಕು.

"ಆದರೂ ಬರೀ ಆಟ ಅಲ್ಲ ಅತ್ತಿಗೆ. ಸ್ಪೇನಿನ ಪಿರನೀಸ್ ಬೆಟ್ಟದಲ್ಲಿ ಗಡ್ಡದ ರಣಹದ್ದುಗಳ ಸಂಖ್ಯೆ ಹೇಗೆ ಏರಿಳಿಯುತ್ತದೆ ಅಂತ ಇದರಲ್ಲೇ ಲೆಕ್ಕ ಹಾಕಿದ್ದಾರೆ."

"ಹದ್ದು ಹಾಳಾಗಲಿ, ಕೊಳೆರೋಗದ ಲೆಕ್ಕ ಹಾಕುತ್ತಾ?" ಗಪ್ಪಣ್ಣ ಕೇಳಿದ.

"ನಿಯಮ ಬರೆದುಕೊಟ್ಟರೆ ಹಾಕುತ್ತದೆ."

"ಕೊಳೆಯ ನಿಯಮ ಗೊತ್ತಿದ್ದರೆ ನಾನೇ ಹಾಕ್ತಿದ್ದೆನಲ್ಲೋ, ತಮಾ!"