ಸಹಾಯ ಬೇಕು: ಕಾಯುತ್ತಾ ದಣಿದವರೊಂದಿಗೆ ಪ್ರಾರ್ಥಿಸುವುದು ಹೇಗೆ?

ಕ್ರಿಸ್ತನಲ್ಲಿ ಪ್ರಿಯರಾದ ಸಹೋದರ ಸಹೋದರಿಯರಿಗೆ ವಂದನೆಗಳು.

ದೀರ್ಘಕಾಲದ ಕಾಯಿಲೆಯಿಂದ ಬಳಲುತ್ತಿರುವ ನನ್ನ ಅಕ್ಕ, ಎಷ್ಟು ಬೇಡಿದರೂ ದೇವರು ಕೇಳುತ್ತಿಲ್ಲವೆಂದು ಕುಟುಂಬ ಪ್ರಾರ್ಥನೆಗೆ ಕೂರುವುದನ್ನೇ ಬಿಟ್ಟಿದ್ದಾರೆ (ಔಷಧೋಪಚಾರ ಎಂದಿನಂತೆ ನಡೆದಿದೆ). ಮನೆಗೆ ಬಂದವರೊಬ್ಬರು ಬೈಬಲಿನ ಲೂಕ ಸುವಾರ್ತೆಯ 18ನೆಯ ಅಧ್ಯಾಯದಲ್ಲಿರುವ, ನ್ಯಾಯಾಧಿಪತಿಯನ್ನು ಬಿಡದೆ ಬೇಡಿದ ವಿಧವೆಯ ಸಾಮ್ಯವನ್ನು (ದೃಷ್ಟಾಂತ ಕಥೆಯನ್ನು) ಓದಿದಾಗ, ತನ್ನ ಪ್ರಾರ್ಥನೆಯಲ್ಲೇ ಕೊರತೆಯಿದೆಯೆಂದು ಅಕ್ಕ ಇನ್ನಷ್ಟು ನೊಂದುಕೊಂಡರು. ಆದರೆ ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲ ತೊಲಗಲೆಂದು ಮೂರು ಸಾರಿ ಬೇಡಿಕೊಂಡರೂ ಅದು ತೊಲಗದೆ, "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ದೊರೆಯಿತೆಂದು ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿದೆ. 13ನೆಯ ಕೀರ್ತನೆಯಂತೂ ಎಲ್ಲಿಯವರೆಗೆ ಮರೆತಿರುವೆ ಎಂಬ ಮೊರೆಯಿಂದಲೇ ಆರಂಭವಾಗುತ್ತದೆ. ಹೀಗೆ ದೇವರ ಮುಂದೆ ಅತ್ತು ಕೇಳುವುದೂ ನಂಬಿಕೆಯೇ ಎಂದು ನಾನು ನಂಬಿದ್ದೇನೆ.

ರೋಗಿಗಳೊಂದಿಗೆ ಕುಳಿತು ಪ್ರಾರ್ಥಿಸಿದ ಅನುಭವವುಳ್ಳ ಸಭಾಪಾಲಕರು ಮತ್ತು ಹಿರಿಯರು, ಗದರಿಸದೆ, ಸುಳ್ಳು ಭರವಸೆಯನ್ನೂ ಕೊಡದೆ ಅಕ್ಕನೊಂದಿಗೆ ಓದಬಹುದಾದ ವಾಕ್ಯಭಾಗಗಳನ್ನೂ ಚಿಕ್ಕ ಪ್ರಾರ್ಥನೆಗಳನ್ನೂ ದಯವಿಟ್ಟು ತಿಳಿಸಿರಿ.