ಮರ ಕಡೆಯುವ ಹಳೇ ಲೇತ್: ಹೆಡ್‌ಸ್ಟಾಕ್ (ಮರವನ್ನು ತಿರುಗಿಸುವ ತುದಿ) ಮೇಲೆ ಬಣ್ಣ ನಿಲ್ಲುತ್ತಲೇ ಇಲ್ಲ, ಸಹಾಯ ಬೇಕು

ಕೋಥ್ರೂಡ್_ಬಾಲ್ಕನಿ:
ಎರಡು ಸಲ ಬಣ್ಣ ಹೊಡೆದೆ, ಎರಡು ಸಲವೂ ಎದ್ದು ಬಂತು. ಪುಣೆಯ ಜುನಾ ಬಜಾರ್‌ನಲ್ಲಿ ತಗೊಂಡ ಹಳೇ ಲೇತ್. ಎರಕದ ಕಬ್ಬಿಣದ್ದು. ತುಕ್ಕು ಉಜ್ಜಿ, ತೊಳೆದು, ಅಡಿಗೆ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಮೇಲೆ ಹಸಿರು ಎನಾಮಲ್ ಎರಡು ಕೋಟ್ ಕೊಟ್ಟೆ. ಹತ್ತೇ ದಿನಕ್ಕೆ ಗುಳ್ಳೆ. ಉಗುರಿನಿಂದ ಎಳೆದರೆ ಈರುಳ್ಳಿ ಸಿಪ್ಪೆ ಹಾಗೆ ಬರುತ್ತದೆ. ಮೂರು ಭಾನುವಾರ ಹಾಳಾಯಿತು. ಯಾವ ಕಂಪನಿ ಬಣ್ಣ ತರಲಿ?

ಡೊಂಬಿವಲಿ_ಉಳಿ:
ಕಂಪನಿ ಬದಲಿಸಿ ಪ್ರಯೋಜನ ಇಲ್ಲ. ಇದು ತೇವದ ಕೆಲಸ. ನಮ್ಮಲ್ಲಿ ಮಳೆಗಾಲದಲ್ಲಿ ಕಬ್ಬಿಣ ಉಜ್ಜಿ ಚಹಾ ಕುಡಿದು ಬರುವಷ್ಟರಲ್ಲಿ ತೆಳು ತುಕ್ಕು ಕೂತಿರುತ್ತದೆ. ಅದರ ಮೇಲೆ ಪ್ರೈಮರ್ ಹಚ್ಚಿದರೆ ನಿಲ್ಲುವುದಿಲ್ಲ.

ಕೋಥ್ರೂಡ್_ಬಾಲ್ಕನಿ:
ಹೊಡೆದದ್ದು ಫೆಬ್ರವರಿಯಲ್ಲಿ ಸರ್. ಪುಣೆಯಲ್ಲಿ ಆಗ ತುಟಿ ಒಡೆಯುವಷ್ಟು ಒಣ ಹವೆ.

ಡೊಂಬಿವಲಿ_ಉಳಿ:
ಬಾಲ್ಕನಿ ಅಲ್ವಾ? ರಾತ್ರಿ ಇಬ್ಬನಿ ಬೀಳುತ್ತದೆ. ತೇವವೇ.

ಠಾಣೆ_ಗ್ಯಾರೇಜ್:
ಎನಾಮಲ್ ಯಾಕೆ ಹೊಡೆದಿರಿ? ಮೆಷಿನ್‌ಗೆ ಹ್ಯಾಮರ್‌ಟೋನ್ ಹೊಡೆಯಬೇಕು, ಸುತ್ತಿಗೆಯಲ್ಲಿ ಬಡಿದಂತೆ ಕಾಣುವ ಬಣ್ಣ. ಎರಕದ ಉಬ್ಬುತಗ್ಗೆಲ್ಲ ಮುಚ್ಚುತ್ತದೆ. ನನ್ನದಕ್ಕೆ ಅದೇ.

ಡೊಂಬಿವಲಿ_ಉಳಿ:
ಹ್ಯಾಮರ್‌ಟೋನ್‌ಗೆ ಒಂದು ಗೀರು ಬಿದ್ದರೆ ತೇಪೆ ಹಾಕಲು ಆಗುವುದಿಲ್ಲ. ಎನಾಮಲ್ ಬ್ರಷ್‌ನಿಂದ ಸರಿಮಾಡಬಹುದು. ಹೊಸಬರಿಗೆ ಸುಮ್ನೆ ಖರ್ಚು ಹೇಳಬೇಡಿ.

ಮಡಗಾಂವ್_ಮರ:
ಬಣ್ಣದ ಜಗಳ ಆಮೇಲೆ. ಗುಳ್ಳೆ ಎದ್ದದ್ದು ಎಲ್ಲೆಲ್ಲಿ? ಉದ್ದದ ಬೆಡ್, ಕಾಲು, ಮರದ ಆ ಕಡೆ ತುದಿ ಹಿಡಿಯುವ ಟೇಲ್‌ಸ್ಟಾಕ್?

ಕೋಥ್ರೂಡ್_ಬಾಲ್ಕನಿ:
ಬೆಡ್, ಕಾಲು ಎಲ್ಲ ಗಟ್ಟಿಯಾಗಿವೆ. ಹೆಡ್‌ಸ್ಟಾಕ್ ಒಂದೇ. ಅದೂ ಸ್ಪಿಂಡಲ್ (ತಿರುಗುವ ದಂಡ) ಕೂರುವ ಜಾಗದ ಸುತ್ತ.

ಮಡಗಾಂವ್_ಮರ:
ತೇವವಾಗಿದ್ದರೆ ಎಲ್ಲ ಕಡೆ ಏಳಬೇಕಿತ್ತು. ಸ್ಪಿಂಡಲ್‌ಗೆ ಬಾಲ್ ಬೇರಿಂಗ್ ಇದೆಯಾ, ಬುಷ್ (ಗುಂಡುಗಳಿಲ್ಲದ ಲೋಹದ ಬಳೆ) ಇದೆಯಾ? ತೊಳೆದದ್ದು ಯಾವುದರಲ್ಲಿ?

ಕೋಥ್ರೂಡ್_ಬಾಲ್ಕನಿ:
ಬುಷ್. ಮೇಲೆ ಎಣ್ಣೆ ಬಿಡುವ ತೂತು ಇದೆ, ದಿನಾ ನಾಲ್ಕು ಹನಿ ಬಿಡುತ್ತೇನೆ. ತೊಳೆದದ್ದು ಸೀಮೆಎಣ್ಣೆಯಲ್ಲಿ. ಹಳೇ ಲೇತ್ ಅಂದಮೇಲೆ ಇದೆಲ್ಲ ಗೊತ್ತೇ ಇರುತ್ತದೆ ಅಂತ ಬರೆಯಲಿಲ್ಲ. ಅಂದಹಾಗೆ ಟೇಲ್‌ಸ್ಟಾಕ್ ಕೂಡ ಈಗ ಬೆಡ್ ಮೇಲೆ ಜರುಗುತ್ತಿಲ್ಲ.

ಠಾಣೆ_ಗ್ಯಾರೇಜ್:
ಬೆಡ್‌ನ ಮೇಲ್ಮೈಗೂ ಬಣ್ಣ ಹೊಡೆದಿರಾ?! ಅದು ಬರಿ ಲೋಹವೇ ಇರಬೇಕು. ಪೇಂಟ್ ರಿಮೂವರ್ ಹಾಕಿ ತೆಗೆಯಿರಿ, ಆಮೇಲೆ ಮೇಣ ಉಜ್ಜಿ.

ಮಡಗಾಂವ್_ಮರ:
ಎಣ್ಣೆಯೇ ಕಾರಣ. ಎರಕದ ಕಬ್ಬಿಣದಲ್ಲಿ ಸಣ್ಣ ಸಣ್ಣ ರಂಧ್ರ ಇರುತ್ತವೆ. ವರ್ಷಗಟ್ಟಲೆ ಬುಷ್‌ಗೆ ಬಿಟ್ಟ ಎಣ್ಣೆಯನ್ನು ಅದು ಕುಡಿದಿದೆ. ಲೇತ್ ಓಡಿ ಬುಷ್ ಬಿಸಿಯಾದಾಗ ಎಣ್ಣೆ ಹೊರಗೆ ಬೆವರುತ್ತದೆ, ಬಣ್ಣವನ್ನು ಒಳಗಿನಿಂದ ಎತ್ತುತ್ತದೆ. ಸೀಮೆಎಣ್ಣೆಯೂ ಜಿಡ್ಡು ಬಿಟ್ಟು ಹೋಗುತ್ತದೆ.

ಸ್ಪಿಂಡಲ್ ಬಿಚ್ಚಿ. ಆ ಭಾಗದ ಬಣ್ಣ ಪೂರ್ತಿ ತೆಗೆಯಿರಿ. ಹೀಟ್ ಗನ್‌ನಿಂದ ಕೈ ಇಡಲಾಗದಷ್ಟು ಬಿಸಿ ಮಾಡಿ, ಬೆವರಿದ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿ. ಪೂರ್ತಿ ತಣ್ಣಗಾಗಿ, ಗನ್ ಆರಿದ ಮೇಲೇ ಜಿಡ್ಡು ಒರೆಸಲು ಥಿನ್ನರ್ ಮುಟ್ಟಿ. ಇದರಲ್ಲಿ ಅವಸರ ಮಾಡಿದರೆ ಬೆಂಕಿ. ಬಿಳಿ ಬಟ್ಟೆ ಬಿಳಿಯಾಗಿಯೇ ಬರುವ ತನಕ ಮತ್ತೆ ಮತ್ತೆ ಮಾಡಿ. ಆಮೇಲೆ ಎರಡು ಡಬ್ಬ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್. ಎಣ್ಣೆ ತೂತಿನ ಸುತ್ತ ಒಂದು ಬೆರಳಗಲ ಬಣ್ಣ ಬೇಡ. ಬಣ್ಣ ಉಳಿಯಲಿ ಅಂತ ಎಣ್ಣೆ ಬಿಡುವುದನ್ನು ಮಾತ್ರ ನಿಲ್ಲಿಸಬೇಡಿ, ಬುಷ್ ಕಚ್ಚಿಕೊಳ್ಳುತ್ತದೆ.

ಇನ್ನೊಂದು. ಅಡಿಯಲ್ಲಿ ಹಳೇ ಬಣ್ಣ ಉಳಿದಿದ್ದರೆ ಒಣದಾಗಿ ಉಜ್ಜಬೇಡಿ, ಹೀಟ್ ಗನ್ನೂ ಹಿಡಿಯಬೇಡಿ. ಮನೆ ಬಣ್ಣಗಳಿಗೇ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಹಳೇ ಮೆಷಿನ್ ಬಣ್ಣದಲ್ಲಿ ಜಾಸ್ತಿಯೇ ಇರಬಹುದು. ರಿಮೂವರ್ ಹಾಕಿ, ಉಳಿದದ್ದನ್ನು ನೀರು ಹಾಕಿ ವಾಟರ್ ಪೇಪರ್‌ನಿಂದ ಉಜ್ಜಿ. ಮನೆಯಲ್ಲಿ ಮಕ್ಕಳಿದ್ದರೆ ಬಾಲ್ಕನಿ ಬಾಗಿಲು ಹಾಕಿಕೊಳ್ಳಿ.

ಡೊಂಬಿವಲಿ_ಉಳಿ:
ಎಣ್ಣೆ ಇರಬಹುದು, ಒಪ್ಪಿದೆ. ಆದರೂ ಪ್ರೈಮರ್ ಬೆಳಗ್ಗೆ ಇಬ್ಬನಿ ಆರಿದ ಮೇಲೇ ಹಚ್ಚಿ.

ಕೋಥ್ರೂಡ್_ಬಾಲ್ಕನಿ:
ಇವತ್ತು ಬಿಸಿ ಮಾಡಿದೆ. ಮಡಗಾಂವ್ ಅಣ್ಣ, ನೀವು ಹೇಳಿದಂತೆಯೇ ಕಂದು ಎಣ್ಣೆ ಮಣಿಮಣಿಯಾಗಿ ಎದ್ದಿತು. ನಾಲ್ಕನೇ ಸಲಕ್ಕೂ ಬಟ್ಟೆ ಹಳದಿ. ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ಬೆಡ್ ಬಣ್ಣ ಅರ್ಧ ತೆಗೆದಾಯಿತು, ಟೇಲ್‌ಸ್ಟಾಕ್ ಅಲ್ಲಿಯವರೆಗೆ ಜರುಗುತ್ತದೆ.

ಠಾಣೆ_ಗ್ಯಾರೇಜ್:
ಬುಷ್ ತೆಗೆದು ಬಾಲ್ ಬೇರಿಂಗ್ ಹಾಕಿಸಿಬಿಡಿ. ನನ್ನದರ ಫೋಟೋ ರಾತ್ರಿ ಹಾಕುತ್ತೇನೆ.