ಸಹಾಯ ಬೇಕು: ಹೋಂಸ್ಟೇ ಹೊಣೆಗಾರಿಕೆ ವಿಮೆ ತೋಟದ ದಾರಿಗೂ ಅನ್ವಯಿಸುತ್ತದೆಯೇ?

ಸದಸ್ಯರೆಲ್ಲರಿಗೂ ನಮಸ್ಕಾರ. ಮಡಿಕೇರಿ ತಾಲ್ಲೂಕಿನಲ್ಲಿ ನಮ್ಮ ಕಾಫಿ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಿದ್ದು, ಅತಿಥಿಗಳು ಬಿದ್ದು ಪೆಟ್ಟಾಗಿ ನಮ್ಮಿಂದ ಪರಿಹಾರ ಕೇಳುವ ಸಂದರ್ಭ ಬಂದರೆ ನೆರವಾಗಲೆಂದು ಸಾರ್ವಜನಿಕ ಹೊಣೆಗಾರಿಕೆ ವಿಮೆ ಮಾಡಿಸಬೇಕೆಂದಿದ್ದೇವೆ. ಕಟ್ಟಡದ ಬೆಂಕಿ ವಿಮೆ ನಮ್ಮ ಆಸ್ತಿಯ ನಷ್ಟಕ್ಕೆ ಮಾತ್ರ, ತೋಟದ ಕೆಲಸಗಾರರಿಗೆ ಕಾನೂನಿನ ಪ್ರಕಾರ ಕೊಡಬೇಕಾದ ಪರಿಹಾರದ ಹೊಣೆಯನ್ನು ಭರಿಸುವ ಪಾಲಿಸಿ ಬೇರೆಯೇ ಬೇಕು ಎಂಬುದು ತಿಳಿದಿದೆ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನೂ ಓದಿದೆ. ಅದು ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವವರಿಗೆ ಸಂಬಂಧಿಸಿದ್ದು (ಹೆಸರು ಒಂದೇ ಆದ್ದರಿಂದ ಏಜೆಂಟರೂ ಮೊದಲು ಅದನ್ನೇ ತೋರಿಸಿದ್ದರು).

ನನ್ನ ಗೊಂದಲ ಇಷ್ಟೇ. ಅರ್ಜಿಯಲ್ಲಿ ವಿಮೆಗೊಳಪಡುವ ಆವರಣವೆಂದು ಮನೆಯನ್ನಷ್ಟೇ ನಮೂದಿಸಿದ್ದಾರೆ. ಆದರೆ ನಮ್ಮ ಮಳೆಗಾಲದಲ್ಲಿ ಜನ ಜಾರುವುದು ಜಗಲಿಯಲ್ಲಲ್ಲ, ತೋಟದ ಇಳಿಜಾರಿನಲ್ಲಿ, ತೋಡಿನ ಬದಿಯಲ್ಲಿ. ಏಜೆಂಟರು ಎಲ್ಲವೂ ಸೇರುತ್ತದೆ ಎನ್ನುತ್ತಾರೆ, ಅದನ್ನೇ ಬರವಣಿಗೆಯಲ್ಲಿ ಕೇಳಿದರೆ ಮಾತು ಬದಲಿಸುತ್ತಾರೆ. ಬಾಯಿಮಾತಿನ ಭರವಸೆ ಕ್ಲೇಮಿನ ದಿನ ಕೆಲಸಕ್ಕೆ ಬಾರದು.

ಇಂಥ ಪಾಲಿಸಿ ಇರುವ ಹೋಂಸ್ಟೇ ಮಾಲೀಕರು ದಯವಿಟ್ಟು ತಿಳಿಸಿ: ತೋಟದ ಸರ್ವೆ ನಂಬರುಗಳನ್ನು ಪಾಲಿಸಿಯ ಷೆಡ್ಯೂಲಿನಲ್ಲೇ (ವಿಮೆಯ ವಿವರಪಟ್ಟಿಯಲ್ಲೇ) ಸೇರಿಸಿಕೊಂಡಿದ್ದೀರಾ, ಅಥವಾ ಅತಿಥಿಗಳ ತೋಟದ ಓಡಾಟಕ್ಕೆಂದು ಪ್ರತ್ಯೇಕ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಲಗತ್ತಿಸುವ ಲಿಖಿತ ತಿದ್ದುಪಡಿ) ಪಡೆದಿದ್ದೀರಾ?